ಹತ್ತನೆಯ ಮನೆಯ ಬಾಗಿಲು

ಏಪ್ರಿಲ್ 6, ಬೆಳಿಗ್ಗೆ 5.40

ನೀರು ಬಂತು. ಎರಡು ಡ್ರಮ್ಮು, ನಾಲ್ಕು ಕೊಡ ತುಂಬಿ ಆಯಿತು. ಒಲೆಯ ಮೇಲೆ ಚಹಾ. ಅವ್ವನನ್ನು ಬಿಟ್ಟು ಎಲ್ಲರೂ ಮಲಗಿದ್ದಾರೆ. ಅವಳು ಹೊಸ್ತಿಲ ಮೇಲೆ ಕೂತು ಬೀದಿ ಕಾಯುತ್ತಾಳೆ. ಈ ಮನೆಗೆ ಬಂದು ಹನ್ನೊಂದು ವರ್ಷ, ಹನ್ನೊಂದು ವರ್ಷದಿಂದಲೂ ಇದೇ. ಯಾರು ಬರ್ತಾರೆ ಅಂತ ಕಾಯ್ತೀಯ ಎಂದರೆ, "ಬರೋರು ಹೇಳಿ ಬರ್ತಾರಾ?" ಅನ್ನುತ್ತಾಳೆ.

ನಿನ್ನೆ ಕಾಗದ ಬಂತು. ಯಾರಿಗೂ ಹೇಳಿಲ್ಲ. ಒಂದು ದಿನವಾದರೂ ಒಬ್ಬಳೇ ಇಟ್ಟುಕೊಳ್ಳಬೇಕು ಅನ್ನಿಸಿತು. ದಿಂಬಿನ ಕವರಿನೊಳಗೆ ತುರುಕಿ ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು...

ಕಾಗದದಲ್ಲಿರುವುದು ಇಷ್ಟು. ದೂರದ ಆ ರಾಜ್ಯದಲ್ಲಿ ಹೊಸ ಆಸ್ಪತ್ರೆ. ಅದರಲ್ಲಿ ಕೃತಕ ಕಾಲು ಮಾಡುವ ವರ್ಕ್‌ಶಾಪ್. ಅದಕ್ಕೆ ಮುಖ್ಯಸ್ಥೆ ನಾನು. ಕೈಕೆಳಗೆ ಎಂಟು ಜನ. ಎರಡು ರೂಮಿನ ಕ್ವಾರ್ಟರ್ಸ್. ಜೂನ್ ಒಂದಕ್ಕೆ ಹಾಜರಾಗಬೇಕು.

ಮುಖ್ಯಸ್ಥೆ! ಇಲ್ಲಿ ಹದಿನೇಳು ವರ್ಷ ಕಾಲು ಕಟ್ಟಿದ್ದೇನೆ. ಇವತ್ತಿಗೂ ಹಾಜರಿ ಪುಸ್ತಕದಲ್ಲಿ ನಾನು ಹೆಲ್ಪರ್. ಯಾರಿಗಯ್ಯಾ ಹೆಲ್ಪು? ಪ್ಲಾಸ್ಟರಿನ ಅಚ್ಚು ತೆಗೆಯುವವಳು ನಾನು. ಮೊಂಡುಗಾಲು ಕೂರುವ ಸಾಕೆಟ್ ಉಜ್ಜಿ, ಒಳಗೆ ಮುಷ್ಟಿ ಇಳಿಸಿ, ಎಲ್ಲಿ ಚುಚ್ಚುತ್ತದೆ ಎಂದು ನನ್ನ ಚರ್ಮಕ್ಕೇ ಚುಚ್ಚಿಸಿಕೊಂಡು ನೋಡುವವಳು ನಾನು. ಪಟ್ಟಿ ಹೊಲಿಯುವವಳು ನಾನು. ಸಹಿ ಹಾಕುವವರು ಟೆಕ್ನಿಷಿಯನ್ ಸಾಹೇಬರು. ಅವರ ಕೈಗೆ ಅಂಟುವುದು ಪೆನ್ನಿನ ಶಾಯಿ ಮಾತ್ರ.

ಹೋದ ವರ್ಷ ಆ ಕಡೆಯ ಡಾಕ್ಟರಮ್ಮ ಒಬ್ಬರು ವರ್ಕ್‌ಶಾಪ್ ನೋಡಲು ಬಂದಿದ್ದರು. ಸಹಿ ನೋಡಲಿಲ್ಲ. ಕೈ ನೋಡಿದರು. ಎಲ್ಲ ಅಲ್ಲಿಂದ ಶುರು.

ಚಹಾ ಉಕ್ಕಿತು. ಉಕ್ಕಲಿ.

ಏಪ್ರಿಲ್ 6, ಸಂಜೆ 7

ಹೇಳಿಬಿಟ್ಟೆ. ತಟ್ಟೆ ಮುಂದೆ ಕೂತಾಗಲೇ.

ಗಂಡ, ಊರೆಲ್ಲ ಪೇಂಟರ್ ಅನ್ನುತ್ತದೆ, ನಾನೂ ಅಷ್ಟೇ, ಎಂಜಲು ಕೈಯಲ್ಲೇ ಎದ್ದು ಕುಣಿದ. ಉಗುರಿನ ಸಂದಿಯಲ್ಲಿ ಇನ್ನೂ ಹಸಿರು ಬಣ್ಣ. "ನಿನ್ ಕೆಲಸದ ಕತೆ ಏನೋ?" ಎಂದು ಕೇಳಿದೆ. "ಗೋಡೆ ಇಲ್ಲದ ರಾಜ್ಯ ಯಾವುದಾದ್ರೂ ಇದ್ರೆ ಹೇಳು. ಅಲ್ಲಿಗೆ ಮಾತ್ರ ಬರಲ್ಲ" ಅಂದ.

ಮಗಳಿಗೆ ಹದಿಮೂರು. ಬಾಯಿ ತೆರೆದರೆ ಆಕ್ಷೇಪಣೆ. ಅದಕ್ಕೇ ಮನೆಯಲ್ಲಿ ವಕೀಲಮ್ಮ. "ಅಲ್ಲಿ ಸ್ಕೂಲಲ್ಲಿ ಯಾವ ಭಾಷೆ? ನಂಗೆ ಬರದೇ ಇದ್ರೆ ನಗ್ತಾರಾ? ನಕ್ಕರೆ ಹೊಡೀಬಹುದಾ?" ಮೂರೂ ಒಂದೇ ಉಸಿರಿಗೆ. ಹೊಡೆಯಬಾರದು, ಬೈಯಬಹುದು, ಮೊದಲು ಅಲ್ಲಿನ ಬೈಗುಳ ಕಲಿ ಅಂದೆ. ವಾದ ಮುಗಿಯಿತು.

ಅವ್ವ ಕಾಗದ ಕೇಳಿದಳು. ಓದು ಬಾರದು. ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಸೀಲು ಸವರಿದಳು.

"ನೋಟಿಸಾ?"

"ಅಲ್ಲವ್ವ. ಕೆಲಸದ ಕಾಗದ. ನನ್ನನ್ನ ಕರೀತಿದ್ದಾರೆ."

"ಸೀಲಿದ್ದ ಕಾಗದ ನಮ್ಮ ಮನೆಗೆ ಒಳ್ಳೇದಕ್ಕೆ ಬಂದಿದ್ದು ಯಾವಾಗ?"

ಪೇಂಟರ್ ನಕ್ಕ. ನಾನೂ ನಕ್ಕೆ. ಅವ್ವ ನಗಲಿಲ್ಲ. ಕಾಗದ ಮಡಚಿ ಕೊಟ್ಟಳು, ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಬರ್ತೀನಿ ಅನ್ನಲಿಲ್ಲ. ಬರಲ್ಲ ಅನ್ನಲೂ ಇಲ್ಲ.

ಇದನ್ನು ಬರೆದಿಟ್ಟಿರುತ್ತೇನೆ, ನಾಳೆ ನನಗೇ ಮರೆವು ಬರದಿರಲಿ: ಹೋದರೆ ನಾಲ್ವರೂ. ಅವ್ವ ಇಲ್ಲದಿದ್ದರೆ ಆ ಮುಖ್ಯಸ್ಥೆ ಪಟ್ಟ ಅವರೇ ಇಟ್ಟುಕೊಳ್ಳಲಿ.

ಏಪ್ರಿಲ್ 8

ಟಿಕೆಟ್ ಆಯಿತು. ನಾಲ್ಕು. ಮೇ 23, ಬೆಳಿಗ್ಗೆ 11.35ರ ರೈಲು. ಎರಡೂವರೆ ದಿನದ ದಾರಿ! ವಕೀಲಮ್ಮ ಭೂಪಟ ತಂದು ಗೋಡೆಗೆ ಅಂಟಿಸಿದ್ದಾಳೆ. ಇಲ್ಲಿಂದ ಅಲ್ಲಿಗೆ ಕೆಂಪು ದಾರ. ದಾರ ಎಷ್ಟು ಉದ್ದ ಎಂದರೆ ಮಧ್ಯದಲ್ಲಿ ಜೋತುಬಿದ್ದಿದೆ. ಅಲ್ಲೊಂದು ಪಿನ್ನು.

ಎಲ್ಲರೂ ಹಲ್ಲುಜ್ಜುತ್ತಾ ಭೂಪಟದ ಮುಂದೆ ನಿಲ್ಲುತ್ತಾರೆ. ಪೇಂಟರ್ ಬ್ರಷ್ಷಿನಲ್ಲಿ ನದಿ ತೋರಿಸಲು ಹೋಗಿ ಎರಡು ರಾಜ್ಯಕ್ಕೆ ಪೇಸ್ಟ್ ಬಳಿದ.

ಅವ್ವ ಮಾತ್ರ ಭೂಪಟಕ್ಕೆ ಬೆನ್ನು ಹಾಕಿ ಕೂರುತ್ತಾಳೆ.

ಏಪ್ರಿಲ್ 19, ಮಧ್ಯಾಹ್ನ 1.20

ಊಟದ ಬಿಡುವು. ಅಚ್ಚು ಒಣಗುವವರೆಗೆ ಬರೆಯುತ್ತೇನೆ.

ಡ್ರೈವರಣ್ಣ ಬಂದಿದ್ದರು. ಲಾರಿ ಓಡಿಸುವವರು. ಎಡಗಾಲು ನಾನು ಮಾಡಿದ್ದು, ಆರು ವರ್ಷವಾಯಿತು, ಇನ್ನೂ ಕ್ಲಚ್ ತುಳಿಯುತ್ತಿದ್ದಾರೆ. ಆ ರಾಜ್ಯಕ್ಕೆ ಹದಿನಾಲ್ಕು ಸಲ ಹೋಗಿ ಬಂದವರು.

"ಅಲ್ಲಿ ಹೆಂಗಣ್ಣ?"

"ರಸ್ತೆ ಚೆನ್ನಾಗಿದೆ ತಂಗಿ."

"ಜನ?"

"ಜನಾನೂ ರಸ್ತೆ ಥರಾನೇ. ಒಂದೊಂದು ಕಡೆ ಗುಂಡಿ. ನೋಡ್ಕೊಂಡು ಹೋದ್ರೆ ಏನಾಗಲ್ಲ."

ನಮ್ಮ ಸಾಮಾನು ತಮ್ಮ ಲಾರಿಯಲ್ಲೇ ಹೋಗಬೇಕು ಎಂದು ಹಟ ಹಿಡಿದರು. ನೀನು ಕೊಟ್ಟ ಕಾಲಲ್ಲೇ ನಿನ್ನ ಮನೆ ಹೊರ್ತೀನಿ ಅಂದರು. ಬೆಲ್ಟ್ ಬಿಗಿ ಮಾಡುವ ನೆಪದಲ್ಲಿ ಬಗ್ಗಿದೆ.

ಆಮೇಲೆ ಅಲ್ಲಿನ ಭಾಷೆಯ ಪಾಠ. ನೀರು, ಉಪ್ಪು, ಎಡಕ್ಕೆ, ಬಲಕ್ಕೆ ಎಂದು ಶುರು ಮಾಡಿದರು. ಅವು ಇರಲಿ ಅಣ್ಣ, 'ಯಾಕೆ' ಅನ್ನೋದಕ್ಕೆ ಏನಂತಾರೆ, 'ಆಗಲ್ಲ' ಅನ್ನೋದಕ್ಕೆ ಏನಂತಾರೆ ಅಂದೆ. ಬಿದ್ದು ಬಿದ್ದು ನಕ್ಕರು. "ಪ್ಲಾಸ್ಟರ್ ಧೂಳಿಗೆ ಮಾಸ್ಕ್ ಕೊಡಿ ಅಂತ ಹನ್ನೊಂದು ದಿನ ಗೇಟಲ್ಲಿ ಕೂತೋಳು ನೀನು. ಅಲ್ಲಿ ಹೋಗಿ ಮೊದಲ ವಾರಕ್ಕೇ ಬೋರ್ಡ್ ಹಿಡೀಬೇಡ."

ಬೇಕಾದರೆ ಹಿಡಿಯುತ್ತೇನೆ. ಆದರೆ ಅಲ್ಲಿ ಮುಖ್ಯಸ್ಥೆ ನಾನೇ ಅಲ್ಲವೇ? ಯಾರ ವಿರುದ್ಧ ಕೂಗುವುದು? ಕೂತು ಯೋಚಿಸಬೇಕಾದ ವಿಷಯ. ನಗು ಬರುತ್ತಿದೆ.

ಏಪ್ರಿಲ್ 20

ನಿನ್ನೆಯ ಪದಗಳನ್ನು ಮನೆಯಲ್ಲಿ ಒಪ್ಪಿಸಿದೆ. ವಕೀಲಮ್ಮನಿಗೆ ಒಂದೇ ಸಲಕ್ಕೆ ಬಾಯಿಪಾಠ. ಪೇಂಟರ್‌ನ ನಾಲಿಗೆಗೆ ಎರಡು ಕೋಟ್ ಬೇಕು. ಅವನೇ ಅಂದದ್ದು.

ಅವ್ವ ಮೂಲೆಯಿಂದ ಕೇಳಿದಳು: "'ನಾನು ಜಾಗ ಬಿಡಲ್ಲ' ಅನ್ನೋದಕ್ಕೆ ಅವರು ಏನಂತಾರೆ?"

"ಅದ್ಯಾಕವ್ವ?"

"ಬೇಕಾಗುತ್ತೆ."

ಒಂಬತ್ತು ಮನೆ ಕಟ್ಟಿದ್ದಾಳೆ ಅವ್ವ. ಹಳಿಯ ಪಕ್ಕದಲ್ಲಿ, ಹೊಳೆಯ ದಂಡೆಯಲ್ಲಿ, ಕಾರ್ಖಾನೆಯ ಗೋಡೆಗೆ ಒರಗಿಸಿ. ಒಂಬತ್ತನ್ನೂ ಕೆಡವಿದ್ದಾರೆ. ರಸ್ತೆ ಅಗಲ ಮಾಡಬೇಕು ಅಂದರು, ನೋಟಕ್ಕೆ ಚೆನ್ನಾಗಿಲ್ಲ ಅಂದರು, ಯಾರೋ ದೊಡ್ಡವರು ಈ ದಾರಿಯಲ್ಲಿ ಕಾರಿನಲ್ಲಿ ಹೋಗುತ್ತಾರೆ ಅಂದರು. ಒಬ್ಬರ ಕಾರು ಎರಡು ನಿಮಿಷ ಹಾದುಹೋಗಲು ನಲವತ್ತು ಮನೆ ನೆಲಕ್ಕೆ! ಪ್ರತಿ ಸಲವೂ ಮೆಷಿನ್ ಬರುವ ಮೊದಲು ಅವ್ವ ಬಿಚ್ಚಿ ಇಳಿಸುತ್ತಿದ್ದುದು ಬಾಗಿಲು. ತಗಡು ಎಲ್ಲಾದರೂ ಸಿಗುತ್ತೆ, ಬಾಗಿಲು ಸಿಗಲ್ಲ ಅನ್ನುತ್ತಿದ್ದಳು. ಬಾಗಿಲು ಹೊತ್ತುಕೊಂಡು ಮುಂದೆ ಅಪ್ಪ, ಚಪ್ಪಲಿ ಹೊಲಿಯುವ ಪೆಟ್ಟಿಗೆ ಹೊತ್ತುಕೊಂಡು ಹಿಂದೆ ಅವ್ವ, ಅವಳ ಹಿಂದೆ ನಾನು.

ಒಂಬತ್ತನೆಯ ಸಲ ಮಾತ್ರ ಅವ್ವ ಏಳಲಿಲ್ಲ. ಒಲೆಯ ಮುಂದೆ ಕೂತುಬಿಟ್ಟಳು. ನಾಲ್ಕು ಜನ ಪೊಲೀಸರು ಎತ್ತಿ ರಸ್ತೆಗೆ ಇಟ್ಟರು. ಆಮೇಲೆ ನನಗೆ ಹೇಳಿದ್ದಳು: "ಕೂತೋರನ್ನ ಎತ್ತೋಕೆ ನಾಲ್ಕು ಜನ ಬೇಕು, ನೆನಪಿಟ್ಕೋ." ಗೇಟಿನ ಮುಂದೆ ಹನ್ನೊಂದು ದಿನ ಕೂತಾಗ ನನ್ನ ತಲೆಯಲ್ಲಿದ್ದದ್ದು ಆ ಒಂದು ಮಾತು.

ಇದು ಹತ್ತನೆಯ ಮನೆ. ಇಟ್ಟಿಗೆಯದು, ಬಾಡಿಗೆಯದು. ಮಹಡಿಯ ಮೇಲೆ ಓನರಮ್ಮ. ಆದರೂ ಅವ್ವನ ಮಂಚದ ಕೆಳಗೆ ಒಂದು ಗಂಟು ಸದಾ ಕಟ್ಟಿದ್ದೇ. ಎರಡು ಸೀರೆ, ಒಂದು ಪಾತ್ರೆ, ಅಪ್ಪನ ದಬ್ಬಳ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಿಚ್ಚಿಲ್ಲ.

ಈ ಸಲ ನಮ್ಮನ್ನು ಯಾರೂ ಎಬ್ಬಿಸುತ್ತಿಲ್ಲ. ನಾವೇ ದಿನ ಗೊತ್ತು ಮಾಡಿ, ನಾವೇ ಹೊರಡುತ್ತಿದ್ದೇವೆ. ನಮ್ಮ ವಂಶದಲ್ಲೇ ಮೊದಲು! ಈ ಖುಷಿ ಅವ್ವನಿಗೆ ಯಾಕೆ ತಾಗುತ್ತಿಲ್ಲ?

ಮೇ 3

ರಾಜೀನಾಮೆ ಕೊಟ್ಟೆ.

ಸೂಪರಿಂಟೆಂಡೆಂಟ್ ಕನ್ನಡಕದ ಮೇಲಿನಿಂದ ನೋಡಿದರು. "ಹೆಲ್ಪರ್ ಪೋಸ್ಟಿಗೆಲ್ಲ ರಾಜೀನಾಮೆ ಯಾಕಮ್ಮ? ನಾಳೆಯಿಂದ ಬರದೇ ಇದ್ರೆ ಆಯ್ತಪ್ಪ."

"ನಾನು ಓಡಿಹೋಗ್ತಿಲ್ಲ ಸರ್. ಹೋಗ್ತಿದ್ದೀನಿ. ತಗೊಂಡೆ ಅಂತ ಬರೆದು ಸೀಲ್ ಹಾಕಿ ಕೊಡಿ."

ಸೀಲು ಹುಡುಕಲು ಅವರಿಗೆ ಹತ್ತು ನಿಮಿಷ ಬೇಕಾಯಿತು. ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಹದಿನೇಳು ವರ್ಷದಲ್ಲಿ ಆ ಕುರ್ಚಿಯಲ್ಲಿ ಮೊದಲ ಸಲ. ಹೇಳಿಕೊಳ್ಳುವಂಥ ಕುರ್ಚಿ ಏನಲ್ಲ. ಒಂದು ಕಾಲು ಅಲ್ಲಾಡುತ್ತದೆ. ಕೃತಕ ಕಾಲಿನ ವರ್ಕ್‌ಶಾಪಿನಲ್ಲಿ!

ಮೇ 11, ಭಾನುವಾರ

ಪ್ಯಾಕಿಂಗ್ ಶುರು. ಲಿಸ್ಟ್ ನಾಲ್ಕು ಪುಟ. ಪೇಂಟರ್ ತನ್ನ ಬ್ರಷ್ಷುಗಳ ಹೆಸರು ಬರೆಯಲು ಒಂದು ಪುಟ ತಿಂದ. ವಕೀಲಮ್ಮ ಭೂಪಟ ಕೊನೆಯ ದಿನದವರೆಗೂ ತೆಗೆಯಬಾರದು ಎಂದು ತಡೆಯಾಜ್ಞೆ ತಂದಿದ್ದಾಳೆ.

ಅವ್ವ ಬಂದು ನಿಂತಳು, ಐದು ನಿಮಿಷ ನೋಡಿದಳು, ಸೆರಗು ಸಿಕ್ಕಿಸಿದಳು. "ಮುಕ್ಕಾಲು ಗಂಟೇಲಿ ಮನೆ ಖಾಲಿ ಮಾಡಿದೋಳು ಕಣೇ ನಾನು. ನೀನು ತಿಂಗಳಿಂದ ಪಟ್ಟಿ ಬರೀತಿದ್ದೀಯ. ಸರಿ ಆ ಕಡೆ."

ಆಹಾ, ಅದನ್ನು ನೋಡಬೇಕು! ತಟ್ಟೆಗಳ ನಡುವೆ ಸೀರೆ, ದೊಡ್ಡ ಪಾತ್ರೆಯೊಳಗೆ ಚಿಕ್ಕದು, ಚಿಕ್ಕದರೊಳಗೆ ಲೋಟ, ಲೋಟದೊಳಗೆ ಸೂಜಿ ದಾರ. ಗಾಜಿನ ಶೀಶೆಗೆ ಪೇಂಟರ್‌ನ ಕಾಲುಚೀಲ. ಒಂದು ಇಂಚು ಜಾಗ ದಂಡವಾಗಲಿಲ್ಲ. ಎಪ್ಪತ್ತೆರಡರ ಹೆಂಗಸು ಸೇನಾಪತಿಯ ಹಾಗೆ ಕೈ ಬೀಸುತ್ತಾ, "ಅದು ಇಲ್ಲಿ, ಇದು ಅಲ್ಲಿ, ಅಳಿಯಂದ್ರೇ ಗೋಡೆಗೆ ಒರಗಬೇಡಿ, ನೀವೇನು ಕ್ಯಾಲೆಂಡರಾ?" ಅಂದಳು.

ಬರುತ್ತಾಳೆ! ಒಪ್ಪಿದಳು!

ಸಂಜೆ ಗಮನಿಸಿದೆ. ಮೂವರ ಬಟ್ಟೆ ಮೂಟೆಯಾಗಿವೆ. ಅವಳ ಪೆಟ್ಟಿಗೆ ಇದ್ದಲ್ಲೇ ಇದೆ. ಗಂಟೂ ಮಂಚದ ಕೆಳಗೇ ಇದೆ. ಕೇಳಿದೆ. "ನಂದೇನು, ನೋಡೋಣ" ಅಂದಳು.

ಇನ್ನು ಹನ್ನೆರಡು ದಿನ.

ಮೇ 19, ಸಂಜೆ 6.15

ಮನೆಗೆ ಬಾಗಿಲಿಲ್ಲ.

ಕೆಲಸದಿಂದ ಬಂದು ಬೀದಿಯಲ್ಲೇ ನಿಂತೆ. ಚೌಕಟ್ಟು ಇದೆ, ಅದರೊಳಗೆ ನಮ್ಮ ಮನೆ ಪೂರಾ ಕಾಣುತ್ತಿದೆ. ಬಾಗಿಲು ಒಳಗೆ, ಅಡುಗೆಮನೆಯಲ್ಲಿ, ಬೆಡ್‌ಶೀಟ್ ಹೊದ್ದು, ಹಗ್ಗ ಬಿಗಿಸಿಕೊಂಡು ಗೋಡೆಗೆ ಒರಗಿದೆ. ಪಕ್ಕದಲ್ಲಿ ಪೇಂಟರ್, ಕೈಯಲ್ಲಿ ಸ್ಕ್ರೂಡ್ರೈವರ್.

"ಯಾರೋ ಬಿಚ್ಚಿದ್ದು?"

"ಅತ್ತೆ ಬಿಚ್ಚು ಅಂದ್ರು. ಬಿಚ್ಚಿದೆ. ಬಣ್ಣ ಹೊಡೆಸ್ತಾರೇನೋ ಅಂದ್ಕೊಂಡೆ."

"ಬೆಡ್‌ಶೀಟ್ ಸುತ್ತಿ ಹಗ್ಗ ಕಟ್ಟಿ ಬಣ್ಣ ಹೊಡೀತಾರಾ?"

"ಆವಾಗ ಡೌಟ್ ಬಂತು. ಆದ್ರೆ ಅತ್ತೆಗೆ ಎದುರು ಹೇಳೋಕಾಗುತ್ತಾ? ನಿನಗಾಗುತ್ತಾ?"

ಅಷ್ಟರಲ್ಲಿ ಮಹಡಿಯಿಂದ ಓನರಮ್ಮ ಇಳಿದು ಬಂದರು. ಚೌಕಟ್ಟು ನೋಡಿದರು. ನನ್ನನ್ನು ನೋಡಿದರು. "ನನ್ ಬಾಗಿಲೆಲ್ಲಿ?"

ಅವ್ವ ಸಮಾಧಾನದಿಂದ ಅಂದಳು: "ಜೋಪಾನವಾಗಿದೆ ಕಣಮ್ಮ. ನಿಮ್ದೂ ಮೇಲಿಂದು ಬಿಚ್ಚಿಸಿಬಿಡಿ. ಅಳಿಯ ಇದ್ದಾನೆ, ಅರ್ಧ ಗಂಟೆ ಕೆಲಸ. ಮೆಷಿನ್ ಬಂದ್ಮೇಲೆ ಆಗಲ್ಲ."

"ಯಾವ ಮೆಷಿನ್ನು?"

"ಕೆಡವೋದು."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದದ್ದು ಕೇಳಿಸಿತು.

ಅವ್ವ ಒಲೆಯ ಮುಂದೆ ಹೋಗಿ ಕಾಲು ಮಡಚಿ ಕೂತಳು. "ನೀವು ಮೂವರೂ ಹೋಗಿ. ಬಾಗಿಲು ತಗೊಂಡು ಹೋಗಿ. ಅಲ್ಲಿ ಸಿಗುತ್ತೋ ಇಲ್ವೋ. ನಾನು ಬರಲ್ಲ. ಎಂಟು ಸಲ ಬಿಟ್ಟುಕೊಟ್ಟೆ, ಒಂಬತ್ತನೇ ಸಲ ಕೂತೆ, ಈ ಸಲಾನೂ ಕೂರ್ತೀನಿ. ನಾಲ್ಕು ಜನ ಬಂದು ಎತ್ತಲಿ."

ಒಂದೂವರೆ ತಿಂಗಳು. ಟಿಕೆಟ್ಟು, ಭೂಪಟ, ಲಿಸ್ಟು, ಪಾಠ. ಅಷ್ಟು ದಿನವೂ ಅವ್ವನ ಪಾಲಿಗೆ ಇದು ಹತ್ತನೆಯ ಎತ್ತಂಗಡಿ. ನೋಟಿಸನ್ನು ನಾನು ಬಚ್ಚಿಟ್ಟಿದ್ದೇನೆ, ಮುದುಕಿ ನೊಂದುಕೊಳ್ಳದಿರಲಿ ಅಂತ ಕೆಲಸ, ಕ್ವಾರ್ಟರ್ಸ್ ಎಂದು ಕತೆ ಕಟ್ಟುತ್ತಿದ್ದೇನೆ, ಇದು ಅವಳ ಲೆಕ್ಕ. ಅವಳಿಗೆ ಗೊತ್ತಿರುವ ಹಾಗೆ ಯಾರೂ ಎಬ್ಬಿಸದೆ ನಮ್ಮಂಥವರು ಊರು ಬಿಡುವುದಿಲ್ಲ.

ಒಂಬತ್ತು ಸಲ ಕೆಡವಿದವರೇ, ಬನ್ನಿ. ನೋಡಿಕೊಂಡು ಹೋಗಿ. ನೀವು ಬರುತ್ತೀರಿ ಎಂದು ಇನ್ನೊಬ್ಬರ ಮನೆಯ ಬಾಗಿಲನ್ನು ಮಗುವಿನ ಹಾಗೆ ಸುತ್ತಿಟ್ಟು ಕೂತಿದ್ದಾಳೆ ನನ್ನ ಅವ್ವ. ಯಾವ ಫೈಲಿನಲ್ಲಿ ಬರೆದುಕೊಳ್ಳುತ್ತೀರಿ ಇದನ್ನು?

ಓನರಮ್ಮ ಅವಳ ಪಕ್ಕ ನೆಲದ ಮೇಲೆಯೇ ಕೂತರು. ಮಂಡಿ ನೋವಿನ ಹೆಂಗಸು, ಕೂರುವಾಗ ಅಯ್ಯಯ್ಯೋ ಅಂದರು. "ಯಾರ್ರೀ ಕೆಡವೋರು? ಇದು ನಮ್ಮಪ್ಪ ಕಟ್ಟಿಸಿದ ಮನೆ. ನಿಮ್ಮ ಮಗಳಿಗೆ ಎಷ್ಟು ಹೇಳಿದೆ, ಹೋಗಬೇಡಿ, ಇಲ್ಲೇ ಇರಿ ಅಂತ. ಅವಳು ಕೇಳಿದ್ರೆ ತಾನೇ?"

ಅವ್ವ ತಲೆ ಎತ್ತಿದಳು.

"ಇರಿ ಅಂದ್ರಾ?"

"ಅಂದೆ."

"ನಮಗೆ?"

"ಇನ್ಯಾರಿಗೆ?"

ಅವ್ವ ಆ ಹೆಂಗಸಿನ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮೇ 20, ಬೆಳಿಗ್ಗೆ

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ನಾನೆಂಥ ದಡ್ಡಿ.

ಪೇಂಟರ್ ಬಾಗಿಲು ಮತ್ತೆ ಕೂರಿಸುತ್ತಿದ್ದಾನೆ. ಓನರಮ್ಮ ಸ್ಟೂಲ್ ಹಾಕಿಕೊಂಡು ಉಸ್ತುವಾರಿ. ಅವ್ವನ ಮುಖ ಅರಳಿದೆ. ಬೆಳಗ್ಗೆ ಹೊಸ್ತಿಲ ಮೇಲೆ ಕೂರಲಿಲ್ಲ! ನನ್ನ ಹತ್ತಿರ ಬಂದು ಪಿಸುಗುಟ್ಟಿದಳು:

"ಇರಿ ಅಂದಿದ್ದಾರಲ್ಲೇ. ಹಂಗಾದ್ರೆ ಯಾಕೆ ಹೋಗೋದು? ಎಪ್ಪತ್ತೆರಡು ವರ್ಷಕ್ಕೆ ಇರಿ ಅನ್ನೋರು ಒಬ್ಬರು ಸಿಕ್ಕಿದ್ದಾರೆ. ಅವರನ್ನೂ ಬಿಟ್ಟು ಹೋಗ್ತೀಯಾ? ತಲೆ ನೆಟ್ಟಗಿದೆಯಾ ನಿಂದು?"

"ಅವ್ವ, ಅಲ್ಲಿ ನಾನು ಹೆಡ್ಡು."

"ಇಲ್ಲಿ ಕಾಲು ಮಾಡೋಳು ನೀನೇ ಅಲ್ವಾ? ಅದಕ್ಕಿಂತ ಇನ್ನೇನು ಹೆಡ್ಡು?"

ಅವ್ವನಿಗೆ ಗೊತ್ತಿಲ್ಲ. ಮಗಳು ಮಾಡಿದ ಕಾಲಿನ ಮೇಲೆ ಮಗಳ ಹೆಸರೇ ಇದೆ ಅಂದುಕೊಂಡಿದ್ದಾಳೆ. ಹದಿನೇಳು ವರ್ಷ ನಾನೇ ಹೇಳಲಿಲ್ಲ. ಗೇಟಿನಲ್ಲಿ ಮುಷ್ಟಿ ಎತ್ತಿ ಗಂಟಲು ಹರಿಯುವಂತೆ ಕೂಗಿದವಳು, ಮನೆಗೆ ಬಂದು ಅವ್ವನ ಮುಂದೆ ಹೆಲ್ಪರ್ ಅನ್ನಲು ನಾಚಿದೆ. ಬೆಳಿಗ್ಗೆಯಿಂದ ನನ್ನ ಮೇಲೆ ನನಗೇ ಸಿಟ್ಟು.

ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಮತ್ತೊಂದು ಕತೆ ಅನ್ನುತ್ತಾಳೆ. ನಾಳೆ ನನ್ನ ಕೊನೆಯ ದಿನ. ಅವ್ವನನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋಗುತ್ತೇನೆ. ಕಣ್ಣಾರೆ ನೋಡಲಿ. ಆಮೇಲೂ ಇರೋಣ ಅಂದರೆ ಇರೋಣ. ಆ ಡಾಕ್ಟರಮ್ಮನಿಗೆ ಬರುವುದಿಲ್ಲ ಎಂದು ನಾನೇ ಬರೆಯುತ್ತೇನೆ.

ಬರೆಯುತ್ತೇನೆ ಅಂದೆ. ಎಷ್ಟು ಬೇಕಾಗಿದೆ ನನಗೆ ಆ ಊರು! ನೋಡದ ಊರು.

ಮೇ 21, ಸಂಜೆ 5

ಆದದ್ದನ್ನು ಆದ ಹಾಗೆ ಬರೆಯಬೇಕು.

ಅವ್ವ, ವಕೀಲಮ್ಮ ಇಬ್ಬರೂ ಬಂದರು. ಸೂಪರಿಂಟೆಂಡೆಂಟ್ ಬಿಸ್ಕೆಟ್ ತರಿಸಿದ್ದರು. ಬೀಳ್ಕೊಡುಗೆಯಂತೆ. ಟೆಕ್ನಿಷಿಯನ್ ಸಾಹೇಬರು ಎರಡು ಮಾತಾಡಿದರು: "ನಮ್ಮ ಹೆಲ್ಪರ್ ತುಂಬಾ ನೀಟಾಗಿ ಗುಡಿಸಿ ಒರೆಸಿ ಇಟ್ಕೊಂಡಿರ್ತಿದ್ರು." ಚಪ್ಪಾಳೆ.

ಅವ್ವ ಕೇಳಿಸಿಕೊಂಡಳು. ಬಿಸ್ಕೆಟ್ ಮುಟ್ಟದೆ ಎದ್ದು ರ‍್ಯಾಕಿನ ಹತ್ತಿರ ಹೋದಳು. ತಯಾರಾದ ಕಾಲುಗಳನ್ನು ಸಾಲಾಗಿ ನೇತುಹಾಕುತ್ತೇವೆ, ಒಂದೊಂದಕ್ಕೂ ಒಂದು ಕಾರ್ಡು. ಮೊದಲನೆಯದನ್ನು ಹಿಡಿದಳು. ಚರ್ಮದ ಪಟ್ಟಿಯನ್ನು ಮಗುಚಿ ಒಳಮೈ ಮೇಲೆ ಬೆರಳಾಡಿಸಿದಳು. ಪಟ್ಟಿಯ ತುದಿಯಲ್ಲಿ, ಯಾರಿಗೂ ಕಾಣದ ಕಡೆ, ನಾನು ಕೊನೆಗೊಂದು ಅಡ್ಡ ಹೊಲಿಗೆ ಹಾಕುತ್ತೇನೆ. ಅಪ್ಪ ಚಪ್ಪಲಿಯ ಉಂಗುಷ್ಟಕ್ಕೆ, ಹೆಬ್ಬೆರಳು ತೂರಿಸುವ ಪಟ್ಟಿಗೆ, ಹಾಕುತ್ತಿದ್ದದ್ದು. ಕಿತ್ತು ಬರಬಾರದು ಎಂದು ಅವ್ವನೇ ಕಲಿಸಿದ್ದು.

ಬೆರಳು ಅಲ್ಲಿಗೆ ಬಂದು ನಿಂತಿತು.

ಎರಡನೆಯದನ್ನು ಮಗುಚಿದಳು. ಮೂರನೆಯದು. ಹನ್ನೆರಡು ಕಾಲು, ಹನ್ನೆರಡನ್ನೂ. ಆಮೇಲೆ ಮೊಮ್ಮಗಳನ್ನು ಕರೆದಳು.

"ಈ ಕಾರ್ಡಲ್ಲಿ ಏನು ಬರೆದಿದೆ ಓದು."

ವಕೀಲಮ್ಮ ಓದಿದಳು. ತಯಾರಿಸಿದವರು ಎಂಬಲ್ಲಿ ಸಾಹೇಬರ ಹೆಸರು, ಕೆಳಗೆ ಅವರ ಸಹಿ. ಎರಡನೆಯದು ಓದಿದಳು, ಅದೇ. ಮೂರನೆಯದಕ್ಕೆ ಅವಳ ಧ್ವನಿ ಸಣ್ಣಗಾಯಿತು. ನನ್ನ ಕಡೆ ತಿರುಗಿ ನೋಡಿದಳು. ಅವಳಿಗೂ ನಾನು ಹೇಳಿರಲಿಲ್ಲ.

ಅವ್ವ ಸಾಹೇಬರ ಮುಂದೆ ಹೋಗಿ ನಿಂತಳು. ಅವರ ಎದೆಯ ಮಟ್ಟಕ್ಕೆ ಬರುತ್ತಾಳೆ.

"ಇವನ್ನ ಹೊಲಿದೋರು ಯಾರಪ್ಪ?"

"ಅಲ್ಲೇ ಬರೆದಿದೆಯಲ್ಲಮ್ಮ."

"ನಂಗೆ ಓದೋಕೆ ಬರಲ್ಲ. ಹೊಲಿಗೆ ನೋಡೋಕೆ ಬರುತ್ತೆ. ಇದು ನನ್ನ ಗಂಡನ ಮನೆ ಹೊಲಿಗೆ. ನಿಂಗೆ ಯಾರು ಕಲಿಸಿದ್ರು? ಎಲ್ಲಿ, ಒಂದು ಹಾಕಿ ತೋರ್ಸು."

ಮೇಜಿನ ಮೇಲಿದ್ದ ದಬ್ಬಳ ಎತ್ತಿ ಅವರ ಕೈಗೆ ಕೊಟ್ಟಳು. ಚೂಪು ತನ್ನ ಕಡೆಗೆ, ಹಿಡಿ ಅವರ ಕಡೆಗೆ. ಸಾಹೇಬರು ಹಿಡಿದುಕೊಂಡರು. ಎಲ್ಲಿ ಹಿಡಿಯಬೇಕು ಎಂಬುದೂ ಗೊತ್ತಿಲ್ಲ, ಪೆನ್ನಿನ ಹಾಗೆ ಹಿಡಿದರು.

ಸೂಪರಿಂಟೆಂಡೆಂಟ್ ಕೆಮ್ಮಿದರು. ಪ್ಲಾಸ್ಟರ್ ಕಲಸುವ ಹೆಂಗಸರು ಬಾಯಿಗೆ ಸೆರಗು ಅದುಮಿ ನಗುತ್ತಿದ್ದರು. ಒಬ್ಬಳು ಜೋರಾಗಿ ಚಪ್ಪಾಳೆ ತಟ್ಟಿದಳು. ಇದು ಬೀಳ್ಕೊಡುಗೆ! ಹದಿನೇಳು ವರ್ಷ ಕಾದರೂ ನಷ್ಟವಿಲ್ಲ.

ಬಸ್ಸು ಇಳಿದ ಮೇಲೆ ಅವ್ವ ಕೇಳಿದಳು:

"ಅಲ್ಲಿ ಕಾರ್ಡಿನ ಮೇಲೆ ಯಾರ ಹೆಸರು ಬರೀತಾರೆ?"

"ನಂದು. ಮಾಡಿದವರದು. ನಾನೇ ಬರೆಸ್ತೀನಿ, ಎಂಟು ಜನರಲ್ಲಿ ಯಾರು ಮಾಡಿದ್ರೂ ಅವರವರದು."

"ಹೂಂ." ಇನ್ನೂ ಹತ್ತು ಹೆಜ್ಜೆ. "ಓನರಮ್ಮ ಒಳ್ಳೇ ಹೆಂಗಸು. ಅವಳಿಗೆ ನಾನೇ ಹೇಳ್ತೀನಿ. ಇರಿ ಅಂದ್ರಿ, ಅದು ಸಾಕು ಅಂತ."

ನಾನು ನಡುಬೀದಿಯಲ್ಲಿ ನಿಂತುಬಿಟ್ಟೆ. ಅವಳು ತಿರುಗಿ ಬೈದಳು: "ಏನೇ ಕಂಬದ ಹಂಗೆ ನಿಂತೆ? ಎರಡೇ ದಿನ ಇದೆ. ನನ್ನ ಪೆಟ್ಟಿಗೆ ಕಟ್ಟೋದು ಯಾವಾಗ?"

ಮೇ 22

ಬರೆಯಲು ಪುರುಸೊತ್ತಿಲ್ಲ. ಅವ್ವ ಪ್ಯಾಕ್ ಮಾಡುತ್ತಿದ್ದಾಳೆ. ತನ್ನದನ್ನು.

ಮೇ 23, ಬೆಳಿಗ್ಗೆ 11.10, ಪ್ಲಾಟ್‌ಫಾರ್ಮ್

ಗುಂಪೋ ಗುಂಪು. ಟ್ರಂಕಿನ ಮೇಲೆ ಕೂತು ತೊಡೆಯ ಮೇಲೆ ಬರೆಯುತ್ತಿದ್ದೇನೆ. ರೈಲಿಗೆ ಇನ್ನೂ ಇಪ್ಪತ್ತೈದು ನಿಮಿಷ. ಪೇಂಟರ್ ನೀರು ತುಂಬಲು ಹೋಗಿದ್ದಾನೆ. ವಕೀಲಮ್ಮ ಭೂಪಟ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಬೋಗಿ ಯಾವ ಕಡೆ ನಿಲ್ಲುತ್ತದೆ ಎಂದು ಯಾರ ಜೊತೆಗೋ ವಾದಿಸುತ್ತಿದ್ದಾಳೆ.

ಸಾಮಾನು ನಸುಕಿನಲ್ಲೇ ಡ್ರೈವರಣ್ಣನ ಲಾರಿಯಲ್ಲಿ ಹೊರಟಿತು. ಲಾರಿ ಹೊರಡುವಾಗ ಅವ್ವ ಒಳಗೆ ಹೋಗಿ ಗಂಟು ತಂದಳು. ಎಲ್ಲ ಸಲವೂ ಕಂಕುಳಲ್ಲಿ ಹೊತ್ತು ನಡೆದ ಗಂಟು. "ಇದನ್ನೂ ಹಾಕ್ಕೋ" ಎಂದು ಲಾರಿಗೆ ಎಸೆದಳು. ಕೈ ಖಾಲಿ. ಖಾಲಿ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಸುಮ್ಮನೆ ಸೊಂಟದ ಮೇಲಿಟ್ಟು ನಿಂತಳು.

ಬಾಗಿಲಿಗೆ ಪೇಂಟರ್ ನಿನ್ನೆ ಹೊಸ ಬಣ್ಣ ಹೊಡೆದಿದ್ದಾನೆ. ಕಡು ನೀಲಿ. ಬಿಚ್ಚಿದ ತಪ್ಪಿಗೆ ದಂಡವಂತೆ. ಓನರಮ್ಮ ಬೀಗ ತಂದರು. ನನ್ನ ಕೈಗೆ ಕೊಡಲು ಬಂದವರು ಏನನ್ನಿಸಿತೋ, ಅವ್ವನ ಕಡೆ ಚಾಚಿದರು. "ನೀವೇ ಹಾಕಿ."

ಅವ್ವ ಹಾಕಿದಳು. ಮೂರು ಸಲ ಜಗ್ಗಿ ನೋಡಿದಳು. ಬಿಟ್ಟು ಬಂದ ಒಂಬತ್ತು ಮನೆಗಳಿಗೆ ಬೀಗ ಹಾಕುವ ಮಾತೇ ಇರಲಿಲ್ಲ, ಹಾಕಲು ಏನೂ ಉಳಿಯುತ್ತಿರಲಿಲ್ಲ. ಬೀಗದ ಕೈ ಓನರಮ್ಮನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. ಇಬ್ಬರ ಕೈಗೂ ನೀಲಿ ಹತ್ತಿತು.

ಆಟೋ ತಿರುವಿಗೆ ಬಂದಾಗ ನಿಲ್ಲಿಸು ಅಂದಳು. ಏನಾದರೂ ಮರೆತಳೇನೋ ಅಂದುಕೊಂಡೆ. ಇಳಿಯಲಿಲ್ಲ. ಕತ್ತು ಹೊರಗೆ ಹಾಕಿ ಹಿಂದಕ್ಕೆ ನೋಡಿದಳು. ಎಷ್ಟು ಹೊತ್ತೋ. ಆಟೋದವನು ಹಾರ್ನ್ ಒತ್ತಿದ.

"ಹಂಗೇ ನಿಂತಿದೆ ಕಣೇ" ಅಂದಳು.

ನಾನೂ ನೋಡಿದೆ. ನಿಂತಿತ್ತು. ಗೋಡೆ, ಮಹಡಿ, ನೀಲಿ ಬಾಗಿಲು, ಕೈ ಎತ್ತಿದ ಓನರಮ್ಮ. ಇವತ್ತು ಅದನ್ನು ಬಿಟ್ಟು ಬಂದೆವು, ನಾಳೆಯೂ ಅದು ಅಲ್ಲಿರುತ್ತದೆ.

ಈಗ ಅವ್ವ ಎದುರಿನ ಮೂಟೆಯ ಮೇಲೆ ಕೂತಿದ್ದಾಳೆ. ಕಾಲು ಮಡಚಿ, ಒಲೆಯ ಮುಂದೆ ಕೂತ ಹಾಗೆಯೇ. ಉಗುರಿನ ನೀಲಿ ಕೆರೆಯುತ್ತಿದ್ದಾಳೆ. 'ಆಗಲ್ಲ'ಕ್ಕೆ ಅಲ್ಲಿ ಏನಂತಾರೆ, ಇನ್ನೊಂದು ಸಲ ಹೇಳು ಅಂದಳು. ಹೇಳಿದೆ. ತಪ್ಪು ತಪ್ಪಾಗಿ ಹೇಳಿಕೊಂಡು ತಾನೇ ನಕ್ಕಳು.

ಸದ್ದು ಕೇಳಿಸುತ್ತಿದೆ. ಬಂತು. ಹಳಿ ನಡುಗುತ್ತಿದೆ. ವಕೀಲಮ್ಮ ಕೂಗುತ್ತಿದ್ದಾಳೆ, ಪೇಂಟರ್ ಎಲ್ಲಿ ಸತ್ತನೋ... ಅವ್ವನಿಗೆ ಕೈ ಕೊಡಬೇಕು, ಈ ಜನದಲ್ಲಿ ಒಬ್ಬಳೇ ಏಳುವುದು —

ಎದ್ದಳು. ಯಾರೂ ಎತ್ತಲಿಲ್ಲ. ತಾನೇ...